ಸಬೀತನ ಎರಡು ಸಾವಿರ ಮೊಳೆ

ಮಸ್ಕತ್ ಕಡೆಯ ಸೂರ್ ಪಟ್ಟಣದ ಐಜಾ ಕೇರಿಯಲ್ಲಿ ಉಸ್ತಾದ ಅನ್ನಿಸಿಕೊಳ್ಳಲು ಎರಡು ದಾರಿ. ಒಂದು, ಹಡಗು ಕಟ್ಟುವುದು. ಇನ್ನೊಂದು, ಹಡಗು ಕಟ್ಟಿದವರೆಲ್ಲ ಮಣ್ಣಾಗುವ ತನಕ ಗಟ್ಟಿಯಾಗಿ ಬದುಕಿರುವುದು. ಸಬೀತ್ ಬಿನ್ ಖಮೀಸ್ ಎರಡನೆಯ ದಾರಿ ಹಿಡಿದವನು. ಹಾಳೂರಿಗೆ ಉಳಿದವನೇ ಗೌಡ ಅನ್ನುತ್ತಾರಲ್ಲ, ಹಾಗೆ.

ಮೂವತ್ತು ವರ್ಷ ಅವನು ಉಸ್ತಾದ್ ಹುವೈಶಿಲ್ ಅವರ ಹಡಗಿನ ಅಂಗಳದಲ್ಲಿ ಕೆಲಸ ಮಾಡಿದ್ದು ನಿಜ. ಏನು ಕೆಲಸ ಎಂದು ಕೇಳಬೇಕು. ಹಡಗಿಗೆ ಹೊಡೆಯುವ ಮೊಳೆ ಬರಿಮೈಯಲ್ಲಿ ಒಳಗೆ ಹೋಗುವುದಿಲ್ಲ. ಅದರ ತಲೆಯ ಕೆಳಗೆ ಹತ್ತಿಯ ಎಳೆ ಸುತ್ತಿ, ಶಾರ್ಕ್ ಮೀನಿನ ಎಣ್ಣೆಯಲ್ಲಿ ಅದ್ದಿ ಹೊಡೆಯಬೇಕು. ಎಳೆ ತೂತಿನೊಳಗೆ ಬಿಗಿದು ಕೂತರೆ ನೀರು ಒಳಗೆ ಇಣುಕುವುದಿಲ್ಲ. ಒಬ್ಬ ತೂತು ಕೊರೆಯುತ್ತಿದ್ದ, ಇನ್ನೊಬ್ಬ ಸುತ್ತಿಗೆ ಬೀಸುತ್ತಿದ್ದ. ಸಬೀತ್ ನೆರಳಲ್ಲಿ ಚಾಪೆ ಹಾಸಿಕೊಂಡು ಎಳೆ ಸುತ್ತುತ್ತಿದ್ದ. ಮೂವತ್ತು ವರ್ಷ ಅಷ್ಟೇ ಮಾಡಿದ. ಚೆನ್ನಾಗಿಯೇ ಸುತ್ತುತ್ತಿದ್ದ, ಅದನ್ನು ಅಲ್ಲಗಳೆದರೆ ನಾಲಿಗೆಗೆ ಪಾಪ ಬಂದೀತು. ಆದರೆ ಬಾಚಿ ಹಿಡಿದು ಒಂದು ಹಲಗೆಯನ್ನಾದರೂ ಕೆತ್ತಿದವನಲ್ಲ.

ಹುವೈಶಿಲ್ ತಮ್ಮ ಒಬ್ಬಳೇ ಮಗಳು ಝುವೈನಾಳನ್ನು ಅವನಿಗೆ ಕೊಟ್ಟದ್ದೂ ಆ ಚಾಪೆಯನ್ನು ನೋಡಿಯೇ. "ಬೆಳಿಗ್ಗೆಯಿಂದ ಸಂಜೆ ತನಕ ಬಾಯಿ ಬಿಡದೆ ಕೂತಿರ್ತಾನೆ. ಇಂಥ ಗಂಡ ಸಿಗೋದು ಪುಣ್ಯ" ಎಂದಿದ್ದರಂತೆ. ಮರದ ವಿಷಯದಲ್ಲಿ ಒಮ್ಮೆಯೂ ತಪ್ಪದ ಮನುಷ್ಯ ಅಳಿಯನ ವಿಷಯದಲ್ಲಿ ತಪ್ಪಿದರು. ಸಬೀತ್ ಬಾಯಿ ಬಿಡದೆ ಕೂತಿದ್ದದ್ದು ಮಾವನ ಹೆದರಿಕೆಗೆ. ಮಾವ ತೀರಿಕೊಂಡ ಮೂರನೇ ದಿನ, ಸಂತಾಪಕ್ಕೆ ಬಂದವರ ಮುಂದೆಯೇ ಬಾಯಿ ತೆರೆದವನು ಮತ್ತೆ ಮುಚ್ಚಲಿಲ್ಲ.

ಮೊದಮೊದಲು "ನಾವು ಕಟ್ಟಿದ ಹಡಗು" ಎನ್ನುತ್ತಿದ್ದ. ಅಂಗಳದ ಹಳೆಯ ಕೈಗಳು ಒಬ್ಬೊಬ್ಬರೇ ಹೋದ ಹಾಗೆ ಅದು "ನಾನು ನಿಂತು ಕಟ್ಟಿಸಿದ ಹಡಗು" ಆಯಿತು. ಸುತ್ತಿಗೆ ಬೀಸುತ್ತಿದ್ದ ಕೊನೆಯವನನ್ನು ಹೂಳಿ ಬಂದ ವಾರ "ನಾನು ಕಟ್ಟಿದ ಹಡಗು" ಎಂದ. ಎದುರಾಡುವವರು ಯಾರೂ ಉಳಿದಿರಲಿಲ್ಲ. ನಾಖುದಾ ಮುಸಲ್ಲಮ್ ಒಬ್ಬರಿದ್ದರು, ಆ ಹಡಗುಗಳಲ್ಲಿ ಬಸ್ರಾದ ಖರ್ಜೂರ ಮಂಗಳೂರಿಗೆ ಹೊತ್ತು, ಮಂಗಳೂರಿನ ಹಂಚು ಇತ್ತ ತಂದ ಹಳೇ ಕಪ್ತಾನರು. ಅವರಿಗೆ ತೊಂಬತ್ತು ದಾಟಿ ಕಣ್ಣು ಮಂಜಾಗಿತ್ತು. ಸಬೀತ್ ಮಾತಾಡುವಾಗ ನಿದ್ದೆ ಮಾಡುತ್ತಾರೆ ಎಂದು ಜನ ತಿಳಿದಿದ್ದರು.

ಝುವೈನಾಗಂತೂ ಎಲ್ಲ ಗೊತ್ತಿತ್ತು. ಹನ್ನೆರಡು ವರ್ಷದ ತನಕ ಅಪ್ಪನ ಅಂಗಳದಲ್ಲೇ ಆಡಿ ಬೆಳೆದವಳು. ಅಪ್ಪ ಹಲಗೆಯನ್ನು ಬಿಸಿನೀರಲ್ಲಿ ನೆನೆಸಿ ಬಾಗಿಸುವಾಗ ಇನ್ನೊಂದು ತುದಿ ಹಿಡಿಯುತ್ತಿದ್ದವಳು ಅವಳೇ. ಆದರೆ ಗಂಡ ಮಾತಾಡುತ್ತಿದ್ದ, ಅವಳು ಒಲೆಯ ಮೇಲಿನ ಮೀನು ಮಗುಚುತ್ತಿದ್ದಳು. ಒಂದು ಮನೆಗೆ ಒಂದು ಬಾಯಿ ಸಾಕು ಅನ್ನುವುದು ಅವಳ ಲೆಕ್ಕ.

ಹೀಗಿರುವಾಗ ಕೇರಿಯವರು ಹೊಸ ಸಬ್ಲಾ ಕಟ್ಟಿದರು. ಗಂಡಸರು ಸೇರಿ ಕಾಫಿ ಕುಡಿಯುವ, ಮದುವೆ-ಸಾವಿನ ಮಾತಾಡುವ ಚಾವಡಿ ಅದು. ಈ ಸಲದ್ದಕ್ಕೆ ಏಸಿ, ಅಮೃತಶಿಲೆಯ ನೆಲ, ಬಾಗಿಲ ಎದುರಿಗೇ ಒಂದು ಗಾಜಿನ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಒಂದು ಮಾದರಿ ಹಡಗು ಇಡಬೇಕೆಂದು ತೀರ್ಮಾನವಾಯಿತು. ಸಮಿತಿಯ ಖಲ್ಫಾನ್ ಮೇಷ್ಟ್ರು ಸಬೀತನ ಮನೆಗೆ ಬಂದರು. ಶಾಲೆಯಿಂದ ನಿವೃತ್ತರಾದ ಮೇಲೂ ಎಲ್ಲರ ಹತ್ತಿರ ಮಗ್ಗಿ ಕೇಳುವವರ ಹಾಗೆ ಮಾತಾಡುವ ಮನುಷ್ಯ. ಸಬೀತನನ್ನು ಊರ ವಾಡಿಕೆಯಂತೆ ಮಗನ ಹೆಸರು ಹಿಡಿದು, ಝಾಹಿರ್‌ನ ಅಪ್ಪ ಎಂದೇ ಕರೆಯುವವರು.

"ಅಬೂ ಝಾಹಿರ್, ಒಂದು ಸಂಬೂಕ್ ಹಡಗು ಆಗಬೇಕು. ಎರಡು ಮೊಳ ಉದ್ದ. ನಿಮ್ಮ ಹೊರತು ಯಾರಿದ್ದಾರೆ ಹೇಳಿ?"

"ಯಾರೂ ಇಲ್ಲ" ಎಂದ ಸಬೀತ್. ಇದೊಂದು ಮಾತು ಸತ್ಯವೇ.

"ಹಿತ್ತಾಳೆ ಫಲಕ ಮಾಡಿಸ್ತೀವಿ. 'ಉಸ್ತಾದ್ ಸಬೀತ್ ಬಿನ್ ಖಮೀಸ್ ಕಟ್ಟಿದ್ದು' ಅಂತ."

ಸಬೀತನ ಕೈಯಲ್ಲಿದ್ದ ಕಾಫಿ ಬಟ್ಟಲು ಅಲ್ಲೇ ನಿಂತಿತು. ಬಾಯಲ್ಲಿ ಹೇಳಿಕೊಂಡದ್ದು ಬೇರೆ, ಹಿತ್ತಾಳೆಯಲ್ಲಿ ಕೊರೆಸಿದ್ದು ಬೇರೆ. ಬಾಯಿಯ ಮಾತು ಅವನ ಜೊತೆಗೇ ಮಣ್ಣಿಗೆ ಹೋಗುತ್ತದೆ. ಫಲಕ ಉಳಿಯುತ್ತದೆ, ಮೊಮ್ಮಕ್ಕಳು ಓದುತ್ತಾರೆ, ಮೂವತ್ತು ವರ್ಷದ ಚಾಪೆಯನ್ನು ಯಾರೂ ನೆನೆಯುವುದಿಲ್ಲ. ಆ ಫಲಕ ತನಗೆ ಬೇಕು ಎಂದು ಅವನಿಗೆ ಅನ್ನಿಸಿದ ತೀವ್ರತೆ ನೋಡಿದರೆ, ಪಾಪ, ನಗು ಬರುವುದಿಲ್ಲ.

ಆದರೆ ಮುಂದಿನ ಮಾತಿಗೆ ಬರುತ್ತದೆ. "ಈಗಿನವರ ಹಾಗೆ ಅಂಟು ಹಾಕಿ ಮೆತ್ತೋದಲ್ಲ ಮೇಷ್ಟ್ರೇ. ಅಂಟು ಮದುವೆ ಕಾಗದದ ಲಕೋಟೆಗೆ. ನನ್ನ ಹಡಗಲ್ಲಿ ಬರೀ ಮೊಳೆ. ಒಂದೊಂದಕ್ಕೂ ಎಳೆ ಸುತ್ತಿ, ಎಣ್ಣೆಯಲ್ಲಿ ಅದ್ದಿ, ದೊಡ್ಡ ಹಡಗಿಗೆ ಹೇಗೋ ಹಾಗೇ. ಆ ಮೊಳೆಗಳನ್ನ ಕಿತ್ತರೆ ಇಡೀ ಹಡಗು ಹಲಗೆ ಹಲಗೆಯಾಗಿ ಬಿಚ್ಕೋಬೇಕು. ಬಿಚ್ಕೊಳ್ಳದಿದ್ರೆ ನನ್ನ ಹೆಸರು ತೆಗೆದುಬಿಡಿ."

ಮೇಷ್ಟ್ರು ತಲೆದೂಗಿದರು. ಝುವೈನಾ ಬಟ್ಟಲು ತೆಗೆದುಕೊಂಡು ಒಳಗೆ ಹೋದಳು.

ಸಬೀತ್ ಶುರು ಮಾಡಿದ. ಹಳೇ ಹಡಗೊಂದರ ತೇಗವನ್ನು ಗರಗಸದ ಅಂಗಡಿಯಲ್ಲಿ ತೆಳ್ಳಗೆ ಸೀಳಿಸಿ ತಂದ. ಹಿತ್ತಾಳೆಯ ಮೊಳೆಗಳು ಅಕ್ಕಿಕಾಳಿಗಿಂತ ಒಂದಿಷ್ಟು ಉದ್ದ, ಅಷ್ಟೇ. ಅಂಥ ಮೊಳೆಯ ಕತ್ತಿಗೆ ಒಂದೇ ಒಂದು ಎಳೆ ಹತ್ತಿ ಸುತ್ತಿ, ಚಿಮಟದಲ್ಲಿ ಹಿಡಿದು ಎಣ್ಣೆಗೆ ಅದ್ದಿ ತೆಗೆಯುವುದನ್ನು ನೋಡಬೇಕಿತ್ತು. ಎಪ್ಪತ್ತರ ಹತ್ತಿರದ ಬೆರಳುಗಳು ನಡುಗುತ್ತಿರಲಿಲ್ಲ. ಅಷ್ಟರ ಮಟ್ಟಿಗೆ ಅವನು ದೊಡ್ಡ ಕುಶಲಕರ್ಮಿಯೇ.

ಅನಾಹುತ ಶುರುವಾಗುತ್ತಿದ್ದದ್ದು ಆ ಮೊಳೆ ಹಲಗೆಗೆ ಹೋಗುವಾಗ. ಬೈರಿಗೆಯಲ್ಲಿ ಕೊರೆದ ತೂತು ಒಮ್ಮೆ ದೊಡ್ಡದಾಗುತ್ತಿತ್ತು, ಒಮ್ಮೆ ಅಂಚಿಗೆ ಬೀಳುತ್ತಿತ್ತು. ಮೊಳೆ ಒತ್ತಿದ ಕೂಡಲೇ ಹಲಗೆ ಉದ್ದಕ್ಕೆ ಸೀಳುತ್ತಿತ್ತು.

"ಮರ ಸರಿಯಿಲ್ಲ" ಎಂದ. ಕುಣಿಯಲಾರದವಳಿಗೆ ನೆಲ ಡೊಂಕು.

"ಮೊಳೆಯ ಮೂತಿ ಚೂಪಾಗಿದೆ. ಅದಕ್ಕೇ ಸೀಳ್ತಿದೆ" ಎಂದಳು ಝುವೈನಾ ಮೀನು ತೊಳೆಯುತ್ತ. "ತುದಿ ಕತ್ತರಿಸಿ ಮೊಂಡು ಮಾಡು. ಅಪ್ಪ ಹಾಗೇ ಮಾಡ್ತಿದ್ರು."

"ನಿಮ್ಮಪ್ಪ ಏನ್ ಮಾಡ್ತಿದ್ರು ಅಂತ ನನಗೆ ನೀನು ಹೇಳಿಕೊಡ್ಬೇಕಾ?"

ಮರುದಿನ ಸಂಜೆ ಮೇಷ್ಟ್ರಿಗೆ ಹೇಳುತ್ತಿದ್ದ: "ಮೊಳೆಯ ಮೂತಿ ಮೊಂಡಾಗಿರಬೇಕು ನೋಡಿ. ಇದು ಯಾರಿಗೂ ಗೊತ್ತಿಲ್ಲದ ಗುಟ್ಟು. ನಾನೇ ಕಂಡುಹಿಡಿದದ್ದು."

ಆದರೂ ಹಲಗೆ ಸೀಳುವುದು ಪೂರ್ತಿ ನಿಲ್ಲಲಿಲ್ಲ. ಮಧ್ಯಾಹ್ನ ಅನ್ನ, ಮೀನು ಉಂಡು, ಸೀಳಿದ ಹಲಗೆಯನ್ನೂ ಮರದ ಜಾತಿಯನ್ನೂ ಬೈದು ಸಬೀತ್ ಮಲಗುತ್ತಿದ್ದ. ಅವನ ನಿದ್ದೆ ಕೇರಿಗೇ ಹೆಸರುವಾಸಿ. ಇಳಿಹೊತ್ತಿನ ಅಸರ್ ನಮಾಜಿನ ಬಾಂಗ್ ಕೂಗಿದಾಗ ಎದ್ದು ಬಂದು ನೋಡಿದರೆ ಹಲಗೆ ಸರಿಯಾಗಿರುತ್ತಿತ್ತು. ಸೀಳು ಇಲ್ಲ. ಮೊಳೆಗಳು ದಾರ ಹಿಡಿದಷ್ಟು ನೇರ ಸಾಲಿನಲ್ಲಿ ಕೂತಿರುತ್ತಿದ್ದವು. ಹಡಗಿನ ಹೊಟ್ಟೆ ದಿನದಿಂದ ದಿನಕ್ಕೆ ಹದವಾಗಿ ದುಂಡಗಾಗುತ್ತಿತ್ತು.

ಬೇರೆ ಯಾರಾದರೂ ಆಗಿದ್ದರೆ ಸಂಶಯ ಪಡುತ್ತಿದ್ದರು. ಸಬೀತ್ ಮರವನ್ನು ಹೊಗಳಿದ. "ತೇಗ ಅಂದ್ರೆ ಕುದುರೆ ಇದ್ದ ಹಾಗೆ ಕಣೇ. ಮೊದಲು ಒದೆಯುತ್ತೆ. ಒಡೆಯನ ಕೈ ಗೊತ್ತಾದ್ಮೇಲೆ ತಾನೇ ಒಗ್ಗಿಕೊಳ್ಳುತ್ತೆ."

"ಹೌದಾ" ಎಂದಳು ಝುವೈನಾ. ಅವಳ ಬೆರಳ ತುದಿಯಲ್ಲಿ ಬಿಳಿ ಪೊರೆಯಂಥದ್ದು ಒಣಗಿ ಅಂಟಿತ್ತು.

"ಏನದು?"

"ಹಿಟ್ಟು ಕಲಸ್ತಿದ್ದೆ."

ನಲವತ್ತು ದಿನ ಅವಳು ಹಿಟ್ಟು ಕಲಸಿದಳು. ಮನೆಗೆ ರೊಟ್ಟಿ ಮಾತ್ರ ಬೇಕರಿಯಿಂದಲೇ ಬರುತ್ತಿತ್ತು. ಸಬೀತನಿಗೆ ಅದನ್ನೂ ಇದನ್ನೂ ಕೂಡಿಸಿ ನೋಡುವ ಪುರುಸೊತ್ತು ಇರಲಿಲ್ಲ. ಫಲಕದಲ್ಲಿ ತನ್ನ ಅಜ್ಜನ ಹೆಸರನ್ನೂ ಸೇರಿಸಲು ಜಾಗವಿದೆಯೇ ಎಂಬ ಚಿಂತೆಯಲ್ಲಿದ್ದ.

ಹಡಗು ಮುಗಿಯಿತು. ಎರಡು ಸಾವಿರದ ನೂರ ನಲವತ್ತು ಮೊಳೆ ಎಂದು ಅವನೇ ಎಣಿಸಿ ಕೇರಿಗೆಲ್ಲ ಸಾರಿದ. ಗಾಜಿನ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು, ಮೇಲಿನಿಂದ ನಾಲ್ಕು ದೀಪ ಬಿಟ್ಟರು. ಹಿತ್ತಾಳೆಯ ಮೊಳೆತಲೆಗಳೆಲ್ಲ ಮಿನುಗಿದವು. ಉದ್ಘಾಟನೆಗೆ ಹತ್ತು ದಿನ ಇತ್ತು.

ಮೂರನೇ ದಿನ ಸಬ್ಲಾದ ಬಾಗಿಲಲ್ಲಿ ಒಂದು ಬೆಕ್ಕು ಕೂತಿತ್ತು. ನಾಲ್ಕನೇ ದಿನ ಏಳು. ಐದನೇ ದಿನ ಬಂದರಿನ ಬೆಕ್ಕುಗಳೆಲ್ಲ ಮೀನು ಇಳಿಸುವ ಕಟ್ಟೆ ಬಿಟ್ಟು ಅಮೃತಶಿಲೆಯ ಮೆಟ್ಟಿಲ ಮೇಲೆ ಸಮಿತಿಯವರ ಹಾಗೆ ಸಾಲಾಗಿ ಕೂತವು.

ಸಮುದ್ರದ ಮೇಲೆ ಗಾಳಿ ಇರುತ್ತದೆ, ಶಾರ್ಕ್ ಎಣ್ಣೆಯ ನಾತ ಗಾಳಿಯ ಜೊತೆ ಹೋಗುತ್ತದೆ. ಬೀಗ ಹಾಕಿದ ಗಾಜಿನೊಳಗೆ, ದೀಪದ ಕಾವಿನಲ್ಲಿ, ಎರಡು ಸಾವಿರ ಮೊಳೆಯ ಎಣ್ಣೆ ಎಲ್ಲಿಗೆ ಹೋಗಬೇಕು? ಗಾಜು ಒಳಗಿನಿಂದ ಹಳದಿಯಾಗಿ ಬೆವರಿತ್ತು. ಒರೆಸೋಣವೆಂದು ಮೇಷ್ಟ್ರು ಬೀಗ ತೆಗೆದರು. ತೆಗೆದವರು ಹೊರಗೆ ಬಂದು ಗೋಡೆ ಹಿಡಿದು ನಿಂತರು. ಒಳಗಿದ್ದ ಇಬ್ಬರು ಚಪ್ಪಲಿ ಬಿಟ್ಟು ಓಡಿಬಂದರು. ಊರಲ್ಲಿ ಒಣ ಶಾರ್ಕನ್ನು ಊಟಕ್ಕೆ ನೆಂಚಿಕೊಳ್ಳುವ ಜನ ಇವರು, ಇವರೇ ಮೂಗು ಮುಚ್ಚಿಕೊಂಡರೆಂದರೆ ಉಳಿದದ್ದು ನೀವೇ ಊಹಿಸಿ.

ಮರುದಿನ ಅಸರ್ ನಮಾಜು ಮುಗಿಸಿ ಮೇಷ್ಟ್ರು ಹಡಗನ್ನು ಚಾದರದಲ್ಲಿ ಸುತ್ತಿಕೊಂಡು ಸಬೀತನ ಮನೆಯಂಗಳಕ್ಕೆ ತಂದರು. ಹಿಂದೆಯೇ ನಾಖುದಾ ಮುಸಲ್ಲಮ್ ಕೋಲೂರಿಕೊಂಡು ಬಂದರು. ಅವರ ಹಿಂದೆ ಬೆಕ್ಕುಗಳು. ಝುವೈನಾ ಕಾಫಿ, ಹಲ್ವಾ ತಂದಿಟ್ಟು ಅಡುಗೆಮನೆಯ ಹೊಸ್ತಿಲಲ್ಲಿ ನಿಂತಳು.

"ಅಬೂ ಝಾಹಿರ್, ಮೊಳೆ ಎಲ್ಲ ಕೀಳಬೇಕು" ಎಂದರು ಮೇಷ್ಟ್ರು. "ಎಣ್ಣೆ ತೊಳೆದು, ಒಣಗಿಸಿ, ಒಣ ಮೊಳೆ ಹೊಡೀರಿ. ಇಲ್ಲಾಂದ್ರೆ ಪೆಟ್ಟಿಗೇಲಿ ಬೇರೆ ಏನಾದ್ರೂ ಇಡ್ತೀವಿ."

ಸಬೀತ್ ಹಡಗನ್ನು ತನ್ನ ಕಡೆಗೆ ಎಳೆದುಕೊಂಡ. "ಕಿತ್ತರೆ ಹಡಗು ಬಿಚ್ಚಿಹೋಗುತ್ತೆ ಮೇಷ್ಟ್ರೇ. ಆವತ್ತೇ ಹೇಳಿದ್ದೆನಲ್ಲ."

"ಹೋಗ್ಲಿ ಬಿಡಪ್ಪ" ಎಂದರು ನಾಖುದಾ. ನಿದ್ದೆಯಲ್ಲಿದ್ದಾರೆಂದು ಎಲ್ಲರೂ ತಿಳಿದಿದ್ದರು. "ಬಿಚ್ಚಿದ್ರೆ ಮತ್ತೆ ಕಟ್ಟು. ನೀನು ಉಸ್ತಾದ ತಾನೆ?"

ಮರ ತಾನೇ ಒಗ್ಗಿಕೊಂಡ ಕತೆ ಹೆಂಡತಿಯ ಮುಂದೆ ನಡೆದಿತ್ತು, ತನ್ನ ಮುಂದೆಯೇ ಅಷ್ಟು ಚೆನ್ನಾಗಿ ನಡೆಯುತ್ತಿರಲಿಲ್ಲ. ಬಿಚ್ಚಿಬಿದ್ದ ಹಲಗೆಗಳನ್ನು ಮತ್ತೆ ಹಡಗು ಮಾಡುವುದು ತನ್ನಿಂದ ಆದೀತೇ ಎಂದು ಕೇಳಿಕೊಳ್ಳಲೂ ಅವನಿಗೆ ಹೆದರಿಕೆಯಾಯಿತು. ಸಣ್ಣ ಇಕ್ಕಳ ತಂದು ಕೂತ. ನಾಖುದಾ ಹಡಗನ್ನು ತೊಡೆಯ ಮೇಲೆ ಇಟ್ಟುಕೊಂಡು, ಬೀಳುವ ಹಲಗೆ ಹಿಡಿಯಲು ಎರಡೂ ಅಂಗೈ ಕೆಳಗೆ ಕೊಟ್ಟರು.

ಮೊದಲ ಹಲಗೆಯ ಮೊಳೆಗಳು ಒಂದೊಂದಾಗಿ ಕಾಫಿ ತಟ್ಟೆಗೆ ಬಿದ್ದವು. ಕೊನೆಯದನ್ನು ಕೀಳುವಾಗ ಸಬೀತ್ ಕಣ್ಣು ಮುಚ್ಚಿ ಬಿಸ್ಮಿಲ್ಲಾ ಎಂದ.

ಹಲಗೆ ಬೀಳಲಿಲ್ಲ.

"ಗಟ್ಟಿ ಕೂತಿದೆ" ಎಂದ. ಸ್ವಲ್ಪ ಸಮಾಧಾನವೇ ಆಯಿತು. ಎರಡನೆಯದನ್ನು ಕಿತ್ತ, ಅದೂ ಬೀಳಲಿಲ್ಲ. ಮೂರನೆಯದು. ಐದನೆಯದು. ಮೇಷ್ಟ್ರು ಇನ್ನೊಂದು ಇಕ್ಕಳ ಹಿಡಿದು ಆ ಬದಿಯಿಂದ ಶುರು ಮಾಡಿದರು. ಅರ್ಧ ಹಡಗು ಮೊಳೆ ಕಳೆದುಕೊಂಡರೂ ಹೊಟ್ಟೆ ಒಳಗೆಳೆದುಕೊಳ್ಳಲಿಲ್ಲ. ಆಗ ಸಬೀತನ ಸಮಾಧಾನ ಹೋಗಿ ಬೆವರು ಬಂತು. ಇಷ್ಟು ಹೊತ್ತು ಹಡಗು ಬಿದ್ದೀತೆಂದು ಹೆದರಿದ್ದವನು ಈಗ ಒಂದು ಹಲಗೆಯಾದರೂ ಬೀಳಲಪ್ಪಾ ಎಂದು ಒಳಗೊಳಗೇ ಬೇಡಿಕೊಳ್ಳತೊಡಗಿದ. ತನ್ನ ಹಡಗು ಮುರಿಯಲಿ ಎಂದು ಹರಕೆ ಹೊತ್ತ ಮೊದಲ ಉಸ್ತಾದ ಅವನೇ ಇರಬೇಕು.

"ಎಷ್ಟು ಹೊತ್ತು ಕೈ ಚಾಚಿಕೊಂಡು ಕೂತಿರಲಿ ಮಾರಾಯ" ಎಂದರು ನಾಖುದಾ. "ಹೆರಿಗೆ ಮಾಡಿಸೋ ಮುದುಕಿ ಹಾಗೆ ಕಾಯ್ತಿದೀನಿ. ಯಾವಾಗ ಬೀಳುತ್ತೆ?"

"ಇನ್ನೂ ಮೊಳೆ ಇವೆ" ಎಂದ ಸಬೀತ್.

ಸೂರ್ಯ ಮುಳುಗಿ ಮಗ್ರಿಬ್ ನಮಾಜು ಹತ್ತಿರವಾಗುವಾಗ ಮೊಳೆ ಇರಲಿಲ್ಲ. ಎಲ್ಲವೂ ತಟ್ಟೆಯಲ್ಲಿದ್ದವು, ಎಳೆ ಸುತ್ತಿಕೊಂಡು, ಎಣ್ಣೆ ಮೆತ್ತಿಕೊಂಡು. ನಾಖುದಾ ತಮ್ಮ ಅಂಗೈಗಳನ್ನು ತೆಗೆದು ಹಡಗನ್ನು ಎತ್ತಿ ಅಲುಗಿಸಿದರು. ಕಟಕ್ ಎಂಬ ಸದ್ದೂ ಬರಲಿಲ್ಲ. ಮೈತುಂಬ ತೂತಿದ್ದ ಹಡಗು ಹಾಗೇ ನಿಂತಿತ್ತು.

ಮುದುಕರು ಹೆಬ್ಬೆರಳಿನಿಂದ ಎರಡು ಹಲಗೆಗಳ ನಡುವಿನ ಸಂದನ್ನು ಸವರಿದರು. ಆಮೇಲೆ ಹಿಂಬದಿಯ ಏರು, ಹೊಟ್ಟೆಯ ಇಳಿಜಾರು, ಮೂತಿಯ ತನಕ. ಕಣ್ಣು ಮಂಜಾದವರ ಬೆರಳಿಗೆ ಅವಸರವಿರುವುದಿಲ್ಲ.

"ಇದು ಅಂಟಿನ ಕೆಲಸ" ಎಂದರು. "ಈ ಹೊಟ್ಟೆಯ ಅಳತೆ ಹುವೈಶಿಲ್‌ದು. ಇಪ್ಪತ್ತು ವರ್ಷ ಈ ಹೊಟ್ಟೆಯ ಮೇಲೆ ಮಲಗಿದೀನಿ, ನನಗೆ ಗೊತ್ತು. ಹುವೈಶಿಲ್ ಗೋರಿಯಿಂದ ಎದ್ದು ಬಂದಿಲ್ಲ. ಈ ಮನೇಲಿ ಇದನ್ನ ಮಾಡಿದವರು ಯಾರು?"

ಸಬೀತ್ ತಟ್ಟೆಯಲ್ಲಿದ್ದ ಮೊಳೆಗಳನ್ನು ಮತ್ತೆ ಎಣಿಸತೊಡಗಿದ.

"ನಾನು" ಎಂದಳು ಝುವೈನಾ ಹೊಸ್ತಿಲಿಂದ. "ಹನ್ನೊಂದು ಹಲಗೆ ಸೀಳಿಟ್ಟಿದ್ದ. ಹನ್ನೊಂದನ್ನೂ ಹೊಸದಾಗಿ ಕೆತ್ತಿ, ಬಾಗಿಸಿ, ಅಂಟಿಸಿದೆ. ಉಳಿದವನ್ನೂ ಬಿಚ್ಚಿ ಅಂಟಿಸಿ, ಅವನು ಸುತ್ತಿದ ಮೊಳೆಯನ್ನೇ ಮತ್ತೆ ಕೂರಿಸಿದೆ. ಅವನು ನಿದ್ದೆಯಲ್ಲಿದ್ದಾಗ."

ಸಬೀತ್ ಅವಳ ಬೆರಳುಗಳನ್ನು ನೋಡಿದ. ನಲವತ್ತು ಮಧ್ಯಾಹ್ನದ ನಿದ್ದೆಗಳೆಲ್ಲ ಒಂದೇ ಸಲ ನೆನಪಿಗೆ ಬಂದವು. ನಾಚಿಕೆ ಎನ್ನುವುದು ಅವನಿಗೆ ಹೊಸ ಬಟ್ಟೆ, ಯಾವ ಕಡೆಯಿಂದ ತಲೆ ತೂರಿಸಬೇಕೆಂದೇ ತಿಳಿಯಲಿಲ್ಲ.

"ನನಗೊಂದು ಮಾತು ಹೇಳಬಾರದಿತ್ತಾ?" ಎಂದ ಮೆಲ್ಲಗೆ.

"ಹೇಳೋಕೆ ನೀನು ಎದ್ದಿರಬೇಕು. ಎದ್ದಿದ್ದಾಗ ಮಾತಾಡೋನು ನೀನೊಬ್ಬನೇ."

ಮೇಷ್ಟ್ರು ಹಲ್ವಾದ ತಟ್ಟೆಯನ್ನು ಗಮನವಿಟ್ಟು ನೋಡತೊಡಗಿದರು.

"ನಿನ್ನ ಫಲಕಕ್ಕೋಸ್ಕರ ಮಾಡಿದೆ ಅಂದ್ಕೋಬೇಡ" ಎಂದಳು. "ಅಪ್ಪನ ಅಂಗಳದ ಹಡಗು ಅಂತ ನೀನೇ ಕೇರಿಗೆಲ್ಲ ಹೇಳ್ಕೊಂಡು ಬಂದೆ. ಸೀಳಿದ ಹಡಗು ಗಾಜಿನೊಳಗೆ ಕೂತ್ರೆ ಯಾರ ಹೆಸರು ಹೋಗೋದು? ನಿನ್ನದು ಇದ್ರೆ ತಾನೆ ಹೋಗೋಕೆ."

"ಮೊಳೆ ಇದ್ದದ್ದಕ್ಕೇ ಅಂಟು ಹಿಡೀತು" ಎಂದ ಸಬೀತ್. ಮುಳುಗುವವನಿಗೆ ಹುಲ್ಲುಕಡ್ಡಿ. "ಮೊಳೆ ಇಲ್ಲದಿದ್ರೆ ಹಲಗೆ ಜಾರ್ತಿತ್ತು."

ನಾಖುದಾ ನಕ್ಕರು. ಆದರೆ ಝುವೈನಾ ನಗಲಿಲ್ಲ. ಅಪ್ಪನ ಮಗಳು, ಅಳತೆಯಲ್ಲಿ ಕೂದಲೆಳೆಯಷ್ಟೂ ಮೋಸ ಮಾಡುವವಳಲ್ಲ. "ಅದು ಸುಳ್ಳಲ್ಲ" ಎಂದಳು. "ಅಂಟು ಒಣಗೋ ತನಕ ಹಿಡ್ಕೊಂಡಿದ್ದವು. ಅಷ್ಟು ಕೆಲಸ ಮಾಡಿವೆ. ಫಲಕದಲ್ಲಿ ಅದನ್ನೂ ಬರೀರಿ ಮೇಷ್ಟ್ರೇ. ಮಾಡಿದವರದ್ದು ಮಾಡಿದಷ್ಟು."

ಒಣ ಮೊಳೆ ಮತ್ತೆ ಹೊಡೆಯುವ ಮಾತು ಬಂತು. ನಾಖುದಾ ಬೇಡವೆಂದರು. ನಿಂತಿರುವ ಹಡಗನ್ನು ಮತ್ತೆ ಯಾಕೆ ಚುಚ್ಚುತ್ತೀರಿ ಎಂದು ಕೇಳಿದರು. ಝುವೈನಾ ಮೂರು ದಿನ ಕೂತು ಮೈಯೆಲ್ಲ ಬಿಸಿನೀರು, ನಿಂಬೆಹಣ್ಣಿನಲ್ಲಿ ಒರೆಸಿದಳು, ತೂತುಗಳಿಗೆ ತೇಗದ ಪುಡಿ ತುಂಬಿದಳು. ಈ ಸಲ ಹಗಲಿನಲ್ಲೇ, ಅಂಗಳದ ನಡುವೆ, ಸಬೀತ್ ಎಚ್ಚರವಿದ್ದಾಗಲೇ ಮಾಡಿದಳು. ಅವನು ಪಕ್ಕದಲ್ಲಿ ಕೂತು ನೋಡಿದ. ಒಮ್ಮೆಯೂ ಸಲಹೆ ಕೊಡಲಿಲ್ಲ. ಮಾವ ಹೋದ ಮೇಲೆ ಆ ಮನೆಯಲ್ಲಿ ಅಷ್ಟು ಹೊತ್ತು ಮೌನವಿದ್ದದ್ದು ಅದೇ ಮೊದಲು.

ಉದ್ಘಾಟನೆ ಚೆನ್ನಾಗಿಯೇ ಆಯಿತು. ಹೊಸ ಫಲಕದಲ್ಲಿ ಎರಡು ಸಾಲು: 'ಹಡಗು: ಝುವೈನಾ ಬಿಂತ್ ಹುವೈಶಿಲ್.' ಅದರ ಕೆಳಗೆ ಸ್ವಲ್ಪ ಸಣ್ಣ ಅಕ್ಷರದಲ್ಲಿ, 'ಮೊಳೆ: ಸಬೀತ್ ಬಿನ್ ಖಮೀಸ್.' ಉಸ್ತಾದ್ ಎಂಬ ಪದ ಎರಡರಲ್ಲೂ ಇಲ್ಲ. ತನ್ನ ಹೆಸರಿನ ಹಿಂದೆ ಅದನ್ನು ಹಾಕಬೇಡಿ, ಅದು ಅಪ್ಪನದು ಎಂದು ಅವಳೇ ಹೇಳಿದ್ದಳು.

ಸಬೀತ್ ಈಗಲೂ ಶುಕ್ರವಾರದ ನಮಾಜು ಮುಗಿಸಿ ಸಬ್ಲಾಕ್ಕೆ ಹೋಗಿ ಪೆಟ್ಟಿಗೆಯ ಪಕ್ಕ ನಿಲ್ಲುತ್ತಾನೆ. ಮಸ್ಕತ್‌ನಿಂದ ಬಂದ ನೆಂಟರು, ಶಾಲೆಯ ಮಕ್ಕಳು ಫಲಕ ಓದುತ್ತಾರೆ, ಗಾಜಿಗೆ ಮೂಗು ಒತ್ತಿ ಹಡಗಿನ ಮೈಯಲ್ಲಿ ಮೊಳೆ ಹುಡುಕುತ್ತಾರೆ. ಕೊನೆಗೆ ಯಾರಾದರೂ ಕೇಳಿಯೇ ಕೇಳುತ್ತಾರೆ: "ಮೊಳೆ ಎಲ್ಲಿ? ಒಂದೂ ಕಾಣ್ತಿಲ್ಲವಲ್ಲ."

ಅವನು ಜೇಬಿನಿಂದ ಒಂದು ತಗಡಿನ ಡಬ್ಬಿ ತೆಗೆದು ಮುಚ್ಚಳ ಬಿಚ್ಚಿ ತೋರಿಸುತ್ತಾನೆ. ಎರಡು ಸಾವಿರದ ನೂರ ನಲವತ್ತು, ಒಂದೂ ಕಡಿಮೆಯಿಲ್ಲ, ಎಲ್ಲದಕ್ಕೂ ಎಳೆ ಸುತ್ತಿದ್ದು ಹಾಗೇ ಇದೆ. ನೋಡಿದವರು ಮೂಗು ಹಿಡಿದು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಅವನು ಮುಚ್ಚಳ ಹಾಕಿ, ಡಬ್ಬಿ ಜೇಬಿಗಿಟ್ಟುಕೊಂಡು ಮನೆಗೆ ಹೊರಡುತ್ತಾನೆ. ಮೆಟ್ಟಿಲ ಮೇಲೆ ಕಾದಿದ್ದ ಬೆಕ್ಕುಗಳು ಎದ್ದು ಅವನ ಹಿಂದೆ ಹೋಗುತ್ತವೆ.